ಹಸಿದ ಹೆಗಲಚೀಲ

“ಚೀಲದೊಳಗಿನ ಆ ಬ್ರೆಡ್ ಚೂರು ಅಲ್ಲೇ ಇರ್ಲಿ ಸಾರ್. ತೆಗೀಬೇಡಿ,” ಎಂದಳು ಕಾವಲಿನ ಹೆಂಗಸು.

“ಯಾಕಕ್ಕಾ, ಚೀಲಕ್ಕೂ ಹೊಟ್ಟೆ ಹಸಿಯುತ್ತಾ?”

ಆಕೆ ನಗಲಿಲ್ಲ.

ಯುದ್ಧದ ಸಂಗ್ರಹಾಲಯಕ್ಕೆ ಹಳೆಯ ಬಟ್ಟೆ ಸರಿಪಡಿಸಲು ಹೊಸದಾಗಿ ಬಂದವನಿಗೆ ಹೆಮ್ಮೆಪಡಲು ಎರಡಿದ್ದವು: ಓದು ಮತ್ತು ಬಲಗೈ. ಎಂಥ ಹರಕಿಗೂ ಹೊಲಿಗೆ ಕಾಣದಂತೆ ತೇಪೆ ಹಾಕುವ ಕೈ. ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಅದರಿಂದಲೇ. ಹೆಗಲಚೀಲದ ಹುಟ್ಟು ಅವನಿಗೆ ಬಾಯಿಪಾಠ. ಮೊದಲು ಅದು ಕುದುರೆಯ ಮೂತಿಗೆ ಕಟ್ಟುವ ಮೇವಿನ ಚೀಲ. ಸವಾರ ಅದನ್ನು ತನ್ನ ಹೆಗಲಿಗೇರಿಸಿದ. ಆಮೇಲೆ ಕಾಲಾಳು ಅದರಲ್ಲಿ ಬ್ರೆಡ್ಡು, ಗುಂಡು, ಮನೆಯ ಕಾಗದ ತುಂಬಿದ.

ಕಾವಲಿನಾಕೆ ಹೇಳಿದ್ದು ಪುಸ್ತಕದಲ್ಲಿರಲಿಲ್ಲ. ಈ ಚೀಲದ ಸಿಪಾಯಿ ಒಬ್ಬ ಬಾಣಂತಿಯ ಮನೆಯ ಕೊನೆಯ ಹಿಟ್ಟನ್ನು ದೋಚಿದ್ದನಂತೆ. ಬಾಣಂತಿಯ ತಾಯಿ ಮಾಟ ಬಲ್ಲವಳು. ಚೀಲದ ಪಟ್ಟಿಗೆ ಕರಿದಾರದ ಗಂಟು ಬಿಗಿದು, ‘ನನ್ನ ಮಗಳ ಹಸಿವು ಇದಕ್ಕೆ ಹತ್ತಲಿ’ ಎಂದಳಂತೆ.

“ಸಿಪಾಯಿ ಏನಾದ?”

“ಚೀಲ ಮಾತ್ರ ಸಿಕ್ತು ಸಾರ್.”

ತಿನ್ನುವ ಪದಾರ್ಥವಿದ್ದರೆ ಬಟ್ಟೆಗೆ ಹುಳು ಹಿಡಿಯುತ್ತದೆ. ಇದು ಅವನ ಕಸುಬಿನ ಮೊದಲ ಪಾಠ. ಬ್ರೆಡ್ಡನ್ನು ಕಸದ ಬುಟ್ಟಿಗೆಸೆದ. ಮಾರನೆಯ ಮಧ್ಯಾಹ್ನ ಕಿಟಕಿಯಿಲ್ಲದ ಉಗ್ರಾಣದಲ್ಲಿ, ಪಟ್ಟಿ ಹೇಗೆ ಕೂರುತ್ತದೆಂದು ನೋಡಲು ಚೀಲವನ್ನು ಹೆಗಲಿಗೆ ಹಾಕಿಕೊಂಡ.

ದೀಪ ಹೋಯಿತು.

ಒದ್ದೆ ಕುದುರೆಯ ವಾಸನೆ. ಹುಳಿತ ಹಿಟ್ಟಿನ ವಾಸನೆ. ಖಾಲಿ ಚೀಲ ಭಾರವಾಗತೊಡಗಿತು. ಪಟ್ಟಿ ಹೆಗಲಿನಿಂದ ಕತ್ತಿಗೆ ಸರಿಯಿತು. ಚೀಲ ಎದೆಯ ಮೇಲೆ ಹತ್ತಿತು, ಗದ್ದ ಮುಟ್ಟಿತು. ತನ್ನ ಹಳೆಯ ಜಾಗವನ್ನು, ಮೂತಿಯನ್ನು, ಅದು ಹುಡುಕುತ್ತಿತ್ತು. ಉಸಿರು ಕಟ್ಟಿತು. ದೂಡಲು ಹೋದ ಬಲಗೈ ಒಳಗಿಳಿಯಿತು.

ಒಳಗೆ ಬೆಚ್ಚಗಿತ್ತು. ತುಟಿ. ಮೆತ್ತಗಿನ, ಒದ್ದೆ ತುಟಿ. ಬೆರಳುಗಳನ್ನು ಒಂದೊಂದಾಗಿ ತಡವಿತು.

ಆಮೇಲೆ ಹಲ್ಲು.

“ಅಕ್ಕಾ…”

ಬಾಗಿಲು ತೆರೆಯಿತು. ಕಾವಲಿನಾಕೆ ತನ್ನ ಊಟದ ಡಬ್ಬಿಯನ್ನೇ ಚೀಲದ ಬಾಯಿಗೆ ಸುರಿದಳು. ಕತ್ತಲಲ್ಲಿ ಅಗಿಯುವ ಸದ್ದು. ಪಟ್ಟಿ ಸಡಿಲವಾಯಿತು.

“ಇಷ್ಟಕ್ಕೇ ಬಿಟ್ತಲ್ಲ, ಪುಣ್ಯ,” ಎಂದು ಆಕೆ ತನ್ನ ಸೆರಗು ಹರಿದು ಅವನ ಮಣಿಕಟ್ಟಿಗೆ ಬಿಗಿದಳು.

ಮುಂದಿನ ವರ್ಷ ಹೊಸ ಮೇಲಧಿಕಾರಿ ಬಂದರು. ಚೀಲದೊಳಗೆ ಬಗ್ಗಿ ನೋಡಿ, “ಏನ್ರೀ ಇದು, ಸಂಗ್ರಹಾಲಯಾನೋ ಬೇಕರೀನೋ?” ಎಂದು ಬ್ರೆಡ್ಡಿಗೆ ಕೈ ಚಾಚಿದರು.

ಅವನು ತನ್ನ ಬಲತೋಳನ್ನು ಅಡ್ಡ ಹಿಡಿದ. ಅಂಗಿಯ ತೋಳಿನ ಬಾಯಿಯನ್ನು ಹೊಲಿದು ಮುಚ್ಚಿದ್ದ. ಹೊಲಿಗೆ ಸೊಟ್ಟಗಿತ್ತು, ಎಡಗೈ ಇನ್ನೂ ಪಳಗಿರಲಿಲ್ಲ.