ಒಳಗುಹೆಯ ಮಣ್ಣು

ವಿಶ್ವವಿದ್ಯಾಲಯದ ಕೊಟ್ಟಿಗೆಯಲ್ಲಿ ಕರುಗಳು ಸಾಯುತ್ತಿದ್ದವು. ಯಾವ ಔಷಧಿಗೂ ಜಗ್ಗದ ಭೇದಿ. ಆ ರೋಗಾಣುವನ್ನು ಕೊಲ್ಲಬಲ್ಲ ಇನ್ನೊಂದು ಸೂಕ್ಷ್ಮಜೀವಿ ಗುಹೆಯೊಂದರ ಮಣ್ಣಿನಲ್ಲಿತ್ತು. ಅದನ್ನು ಕಂಡುಹಿಡಿದವಳು ಪ್ರಯೋಗಾಲಯದ ಮೇಷ್ಟ್ರ ಹೆಂಡತಿ. ಹೋದ ಮಳೆಗಾಲದಲ್ಲಿ ಇನ್ನಷ್ಟು ಮಣ್ಣು ತರಲು ಅಲ್ಲಿಗಿಳಿದವಳು ಮೇಲೆ ಬರಲೇ ಇಲ್ಲ. ಹೆಣವೂ ಸಿಗಲಿಲ್ಲ. ಅವಳು ಬೆಳೆಸಿಟ್ಟಿದ್ದ ಜೀವಿಯಾದರೂ ಉಳಿಯಿತಲ್ಲ ಎಂದುಕೊಂಡರೆ, ಹಾಳಾದ ಫ್ರೀಜರ್ ಕೆಟ್ಟು ಅದೂ ಸತ್ತಿತು. ಅವಳದೆಂದು ಜೀವಂತವಾಗಿದ್ದದ್ದು ಅದೊಂದೇ. ಮೇಷ್ಟ್ರು ಗುಹೆಗಿಳಿಯಲು ಬೂಟು ಹುಡುಕತೊಡಗಿದರು.

"ನಾನೂ ಬರ್ತೀನಿ ಭಾವ," ಎಂದಳು ಅವಳ ತಂಗಿ. ಅವಳು ದನದ ಡಾಕ್ಟರು.

"ನೀನ್ಯಾಕೆ ಡಾಕ್ಟ್ರಮ್ಮ?"

"ಒಬ್ರೇ ಹೋದ್ರೆ ನೀವು ವಾಪಸ್ ಬರಲ್ಲ. ಗೊತ್ತು ನಂಗೆ."

ಮೂರನೆಯವನು ಹಗ್ಗ ಕಟ್ಟುವ ಗೈಡು. "ಮೋಡ ಕಟ್ತಿದೆ. ನೀರು ಏರೋಕೆ ಮುಂಚೆ ಹೊರಗಿರ್ಬೇಕು," ಎಂದಷ್ಟೇ ಹೇಳಿ ಮುಂದೆ ನಡೆದ.

ಗುಹೆಯ ಬಾಯಿ ಜರೀಗಿಡಗಳ ಹಿಂದೆ ಅಡಗಿತ್ತು. ಒಳಗೆ ಬಂಡೆಗಳು ಬೆವರುತ್ತಿದ್ದವು. ಬಾವಲಿಗಳು ಸೂರಿನಲ್ಲಿ ಮಿಸುಕಾಡುತ್ತಿದ್ದವು, ಕಾಲಡಿಯಲ್ಲೆಲ್ಲೋ ನೀರು ಗೊಣಗುತ್ತಿತ್ತು. ಅವರು ಮಾತು ನಿಲ್ಲಿಸಿದ ಮೇಲೂ ದನಿಗಳು ಅಲ್ಲೇ ಸುಳಿದಾಡಿ, ಬೇರೆ ಯಾರದೋ ದನಿಯಾಗಿ ಮರಳಿ ಬರುತ್ತಿದ್ದವು. ಹೊಟ್ಟೆ ಎಳೆದುಕೊಂಡು ತೆವಳಬೇಕಾದ ಸಂದಿಯ ಆಚೆಗೆ ಒಳಗುಹೆ.

ಸಂದಿಯಲ್ಲಿ ಒಬ್ಬರಿಗಷ್ಟೇ ಜಾಗ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಷ್ಟ್ರು ನುಸುಳಿದರು. ತುದಿ ನಾದಿನಿಯ ಕೈಯಲ್ಲಿತ್ತು. ಒಳಗೆ ಮೇಷ್ಟ್ರು ಚಮಚವನ್ನು ಸ್ಪಿರಿಟ್‌ನಿಂದ ಒರೆಸಿ ಮಣ್ಣಿಗೆ ಚಾಚಿದರು.

"ಅವಸರ ಯಾಕ್ರೀ? ಆರ್ಲಿ."

ಕಿವಿಯ ಪಕ್ಕದಲ್ಲೇ ಹೆಂಡತಿಯ ದನಿ. ಮೇಷ್ಟ್ರು ಬೆದರಿ, ಗಡಿಬಿಡಿಯಲ್ಲಿ ಡಬ್ಬಿಗೆ ಮಣ್ಣು ತುಂಬಿ ಹೊರಬಿದ್ದರು.

ಅರ್ಧ ದಾರಿಗೆ ಬಂದಾಗ ಮೇಷ್ಟ್ರು ಗಕ್ಕನೆ ನಿಂತರು. ಡಬ್ಬಿ ತೆರೆದು ಮೂಸಿದರು.

"ಸ್ಪಿರಿಟ್ ವಾಸನೆ. ಚಮಚ ಇನ್ನೂ ಒದ್ದೆ ಇತ್ತು. ಇದರಲ್ಲಿ ಎಲ್ಲಾ ಸತ್ತಿರುತ್ತೆ. ಮೊದಲ ವರ್ಷದ ಮಕ್ಕಳೂ ಮಾಡಲ್ಲ ಇಂಥ ಕೆಲ್ಸ."

"ನೀರು ಮೊಣಕಾಲಿಗೆ ಬಂತು," ಎಂದ ಗೈಡು.

"ಒಂದೇ ಸಲ, ಹೋಗಿಬರ್ತೀನಿ."

ಈ ಸಲ ಸಂದಿಯಲ್ಲಿ ನೀರಿತ್ತು. ಹಗ್ಗದ ತುದಿಯನ್ನು ಮತ್ತೆ ನಾದಿನಿಗೆ ಕೊಟ್ಟು, ಮೇಷ್ಟ್ರು ಇನ್ನೊಂದು ಡಬ್ಬಿ ಎತ್ತಿ ಹಿಡಿದು ತೆವಳಿದರು. ಚಮಚ ಒರೆಸಿದರು. ನೀರು ಏರುತ್ತಿದ್ದರೂ ಅದು ಆರುವ ತನಕ ಕಾದರು. ಮಣ್ಣು ತೆಗೆದರು. ಮುಚ್ಚಳ ಬಿಗಿದರು.

ಆಗ ಇನ್ನೂ ಒಳಗಿನ ಸೀಳಿನಿಂದ ಕೆಮ್ಮು ಕೇಳಿಸಿತು. ಅವಳದೇ.

"ಇದೀಯಾ?" ಎಂದರು ಮೇಷ್ಟ್ರು. ಭಯ ಹೋಗಿತ್ತು. ಅವಳು ಬೇಕು ಅನ್ನಿಸಿತು, ಅಷ್ಟೇ. ಸೀಳಿನತ್ತ ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ನೀರು ಎದೆಗೆ ಬಂತು.

ಹಗ್ಗ ಜಗ್ಗಿತು. ಮೇಷ್ಟ್ರು ಮಗುಚಿ ಬಿದ್ದರು. ಡಬ್ಬಿ ಬಿಡಲಿಲ್ಲ. ಹಗ್ಗ ಮತ್ತೆ ಜಗ್ಗಿತು, ಅವರನ್ನು ಸಂದಿಯಲ್ಲಿ ದರದರನೆ ಎಳೆದು ತಂದಿತು. ಗೈಡು ರಟ್ಟೆ ಹಿಡಿದು ಎತ್ತಿದ. ಮೂವರೂ ಬಿದ್ದೆದ್ದು, ತರಚಿಕೊಂಡು, ಬೆಳಕಿಗೆ ಬಂದು ಜರೀಗಿಡಗಳ ಮೇಲೆ ಉರುಳಿದರು.

ಕೆಲವು ದಿನಗಳ ನಂತರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೂದುಬಣ್ಣದ ಪುಟ್ಟ ಚುಕ್ಕೆಯೊಂದು ಬೆಳೆಯಿತು. ಸುತ್ತ ಬಳೆಯಷ್ಟಗಲ ಜಾಗ ತಿಳಿಯಾಗಿತ್ತು. ಅಲ್ಲಿ ಕರುಗಳ ರೋಗಾಣು ಒಂದೂ ಉಳಿದಿರಲಿಲ್ಲ.

"ಬದುಕಿದೆ," ಎಂದರು ಮೇಷ್ಟ್ರು. ಆಮೇಲೆ ತಲೆ ತಗ್ಗಿಸಿ, "ಅಲ್ಲಿ ಅವಳು ಇದ್ಲು ಕಣೇ. ಹಿಂದೇನೇ ಹೋಗ್ಬಿಡ್ತಿದ್ದೆ. ನೀನು ಎಳೆದದ್ದಕ್ಕೆ ಉಳಿದೆ," ಎಂದರು.

ಡಾಕ್ಟ್ರಮ್ಮ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

"ನೀವು ಒಳಗೆ ಏನ್ ಮಾಡ್ತಿದೀರಿ ಅಂತ ನಂಗೇನು ಗೊತ್ತಿತ್ತು ಭಾವ? 'ಎಳಿಯೇ, ಇವ್ರು ನನ್ನ ಕಡೆ ಬರ್ತಿದಾರೆ' ಅಂತ ಅಕ್ಕನೇ ಕೂಗಿದ್ಲು."