ಹಸಿರು ಬೀಗವನ್ನು ನಂಬಿದ ಅಕ್ಕ

ಮಂಗಳವಾರ ಬೆಳಿಗ್ಗೆ 10.15ಕ್ಕೆ ಠಾಣೆಗೆ ಬಂದಾಕೆ ಸಿದ್ಧ ಉಡುಪಿನ ಕಾರ್ಖಾನೆಯೊಂದರ ವಿನ್ಯಾಸಕಿ. ಆಕೆಯ ವಿನ್ಯಾಸದ ಚಿತ್ರಗಳೆಲ್ಲ ಬೇರೆಯವರಿಂದ ಕದ್ದವು ಎಂದು ಕಚೇರಿಗೆ ಮೂರು ಅನಾಮಧೇಯ ಇಮೇಲ್ ಬಂದಿದ್ದವು. ಮುಖ್ಯ ವಿನ್ಯಾಸಕಿಯ ಹುದ್ದೆ ಇನ್ನೇನು ಕೈಗೆ ಬಂತು ಎನ್ನುವಾಗ ಆಕೆಯನ್ನು ಅಮಾನತು ಮಾಡಿದ್ದರು. ಶುಕ್ರವಾರದೊಳಗೆ ಆರೋಪ ಸುಳ್ಳೆಂದು ಸಾಬೀತಾಗದಿದ್ದರೆ ಹುದ್ದೆಯ ಮಾತಿರಲಿ, ಇದ್ದ ಕೆಲಸವೂ ಹೋಗುತ್ತಿತ್ತು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದ.

"ಕಚೇರಿಲಿ ಪಕ್ಕದ ಮೇಜಿನವನ ಮೇಲೆ. ನನ್ನ ಕಂಡ್ರೆ ಅವನಿಗೆ ಆಗಲ್ಲ."

11ಕ್ಕೆ ಎಫ್‌ಐಆರ್ ದಾಖಲಾಯಿತು. ಹೊಟ್ಟೆಕಿಚ್ಚಿನ ಕೆಲಸ ಎಂದು ಇನ್‌ಸ್ಪೆಕ್ಟರ್‌ಗೆ ಆಗಲೇ ಅನ್ನಿಸಿತ್ತು. ಸ್ವಂತ ತಮ್ಮನಿಗೆ ತನಗಿಂತ ಮೊದಲು ಬಡ್ತಿ ಸಿಕ್ಕಾಗ ಬೆನ್ನು ತಟ್ಟಿ ಬಂದು, ಎರಡು ದಿನ ಅನ್ನ ಸೇರದೆ ಒದ್ದಾಡಿದ ಮನುಷ್ಯ ಆತ. ಅದರ ಉರಿ ಅವನಿಗೆ ಹೊಸದಲ್ಲ.

ಇಮೇಲ್ ಎಲ್ಲಿಂದ ಹೋದವು ಎಂದು ಕೇಳಿದ್ದಕ್ಕೆ ಗುರುವಾರ ಬೆಳಿಗ್ಗೆ ಇಂಟರ್‌ನೆಟ್ ಕಂಪನಿಯ ಉತ್ತರ ಬಂತು. ಪೇದೆ ಅದನ್ನು ಎರಡು ಸಲ ಓದಿದ.

"ಸಾರ್, ಇದು ದೂರು ಕೊಟ್ಟೋರ ಮನೆ ವಿಳಾಸ."

ದೀಪದ ಬುಡದಲ್ಲೇ ಕತ್ತಲೆ. ಆ ಮನೆಯಲ್ಲಿದ್ದವರು ಮೂವರು: ವಿನ್ಯಾಸಕಿ, ಬಸ್ ಚಾಲಕನಾದ ಗಂಡ, ಮನೆಯಲ್ಲೇ ಬಟ್ಟೆ ಹೊಲಿಯುವ ಅಕ್ಕ. ವಿನ್ಯಾಸಕಿ ವಾರದಲ್ಲಿ ಮೂರು ದಿನ ಮನೆಯಿಂದಲೇ, ಕಂಪ್ಯೂಟರನ್ನು ಕಚೇರಿಯ ಜಾಲಕ್ಕೆ ಜೋಡಿಸುವ ವಿಪಿಎನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು, ಎರಡು ದಿನ ಕಚೇರಿಗೆ ಹೋಗುತ್ತಿದ್ದಳು. ಮೂರೂ ಇಮೇಲ್ ಹೋದದ್ದು ಆಕೆ ಕಚೇರಿಯಲ್ಲಿದ್ದ ದಿನಗಳಲ್ಲಿ, ಹಗಲು ಹನ್ನೊಂದರಿಂದ ಹನ್ನೆರಡರೊಳಗೆ. ಆ ಹೊತ್ತಿಗೆ ಗಂಡ ಬಸ್ಸಿನಲ್ಲಿದ್ದ ಎಂದು ಡಿಪೋದ ದಾಖಲೆ ಹೇಳಿತು.

"ಬಸ್ ಓಡಿಸ್ತಾ ಇಷ್ಟುದ್ದ ಬರೆದಿದ್ರೆ ಬೇರೆ ಕೇಸೇ ಆಗಿರೋದು ಸಾರ್," ಎಂದ ಪೇದೆ.

ಮಧ್ಯಾಹ್ನ 2.30ಕ್ಕೆ ನೆರೆಯ ಇಬ್ಬರು ಪಂಚರ ಎದುರು, ಅಕ್ಕ ತಂಗಿ ಇಬ್ಬರೂ ಬಳಸುತ್ತಿದ್ದ ಕಂಪ್ಯೂಟರ್‌ನ ಪಂಚನಾಮೆ ನಡೆಯಿತು. ಅದರ ಪಕ್ಕದಲ್ಲೇ ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಕಾಗದದ ಅಳತೆ ಮಾದರಿಗಳು. ಅಕ್ಕ ಬಾಯಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಇಮೇಲ್ ಈ ಕಂಪ್ಯೂಟರಿಂದ ಹೋಗಿದೆ," ಎಂದ ಇನ್‌ಸ್ಪೆಕ್ಟರ್.

"ಹೇಗಾಗುತ್ತೆ? ವಿಪಿಎನ್ ಹಾಕಿದ್ರೆ ಕಚೇರಿ ವಿಳಾಸ ತಾನೆ ಕಾಣೋದು? ತಂಗೀನೇ ಹೇಳಿದ್ಳು."

"ವಿಪಿಎನ್ ಹಾಕಿತ್ತು ಅಂತ ನಾನು ಹೇಳಲೇ ಇಲ್ಲವಲ್ಲಮ್ಮ."

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅಕ್ಕ ಹೆಗಲು ಮುಟ್ಟಿ ನೋಡಿಕೊಂಡಿದ್ದಳು. ಪರದೆಯ ಮೂಲೆಯಲ್ಲಿ ವಿಪಿಎನ್‌ನ ಹಸಿರು ಬೀಗದ ಗುರುತು ಕಂಡರೆ ಎಲ್ಲವೂ ಕಚೇರಿಯ ಹಾದಿಯಲ್ಲೇ ಹೋಗುತ್ತದೆ, ಅನುಮಾನ ಅಲ್ಲಿನವರ ತಲೆಗೇ ಬರುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು.

ತಂಗಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. "ವಿಪಿಎನ್ ಹಾಕಿದಾಗೆಲ್ಲ ನಿನ್ನ ಮಾದರಿಗಳು ಪ್ರಿಂಟ್ ಆಗ್ತಿರಲಿಲ್ಲ ಅಂತ ಸ್ಪ್ಲಿಟ್ ಟನೆಲಿಂಗ್ ಮಾಡಿದ್ದೆ ಕಣೇ. ಅದರಲ್ಲಿ ಕಚೇರಿ ತಂತ್ರಾಂಶ ಒಂದೇ ವಿಪಿಎನ್‌ನಲ್ಲಿ ಹೋಗೋದು. ಪ್ರಿಂಟರ್, ಬ್ರೌಸರ್ ಎಲ್ಲ ಮನೆ ದಾರೀಲೇ."

3.40ಕ್ಕೆ ಅಕ್ಕನನ್ನು ಬಂಧಿಸಲಾಯಿತು.

ಶುಕ್ರವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ತನಿಖಾ ವರದಿಯನ್ನು ಕಾರ್ಖಾನೆಗೆ ಮುಟ್ಟಿಸಿ ಬಂದು ಅವಳ ಹೇಳಿಕೆ ಪಡೆಯಲು ಕುಳಿತ.

"ಅವಳು ನಿನ್ನ ಚಿತ್ರ ಕದ್ದಿದ್ಳಾ?"

"ಇಲ್ಲ ಸಾರ್. ಕದ್ದಿದ್ರೆ ಜಗಳ ಆಡ್ತಿದ್ದೆ. ಕತ್ತರಿ ಹಿಡಿಯೋದು ಕಲಿಸಿದ್ದು ನಾನು. ಆದ್ರೆ ಅವಳು ಬಿಡಿಸೋ ಥರ ನನ್ನ ಕೈಲಿ ಈ ಜನ್ಮಕ್ಕೆ ಆಗಲ್ಲ. ದಿನಾ ಪಕ್ಕದಲ್ಲೇ ಕೂತು ನೋಡಬೇಕಿತ್ತು." ಆಮೇಲೆ ಅವಳೇ ಕೇಳಿದಳು, "ಅವಳಿಗೆ ಆ ಹುದ್ದೆ ಸಿಕ್ತಾ?"

"ಸಿಕ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗಲೂ ಹೊಟ್ಟೆ ಉರೀತಿದೆ ಸಾರ್. ಅದನ್ನೂ ಬರ್ಕೊಳ್ಳಿ."

ಪೇದೆ ಇನ್‌ಸ್ಪೆಕ್ಟರ್‌ನ ಮುಖ ನೋಡಿದ. ಇನ್‌ಸ್ಪೆಕ್ಟರ್ ಅವನ ಕೈಯಿಂದ ಲೇಖನಿ ತೆಗೆದುಕೊಂಡು ಆ ಮಾತನ್ನು ತಾನೇ ಬರೆದುಕೊಂಡ.