ಮಂಜಿನಲ್ಲಿ ಹಿಂದೆ ಬಂದ ಬೆಳಕು

ಹಿಂದಿನ ಕಾರು ಮತ್ತೆ ಲೈಟ್ ಹೊಡೆಯಿತು.

ಒಮ್ಮೆ... ಇನ್ನೊಮ್ಮೆ... ಕನ್ನಡಿ ತುಂಬ ಕಣ್ಣು ಕೋರೈಸುವ ಬೆಳಕು!

'ಯಾರಿವನು? ನನ್ನ ಹಿಂದೆ ಯಾಕೆ ಬಿದ್ದಿದ್ದಾನೆ?'

ಅವಳು ಸ್ಟೀರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬೆಳಗಿನ ಮಂಜು ರಸ್ತೆಯನ್ನೇ ನುಂಗಿಹಾಕಿತ್ತು. ಹಿಂದಿನ ಸೀಟಿನಲ್ಲಿ ಬಿಸಿ ಬ್ರೆಡ್ಡಿನ ಟ್ರೇಗಳು. ತಮ್ಮ ಮನೆಯ ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ ಮುಟ್ಟಿಸುವುದು ಅಣ್ಣನ ಕೆಲಸ. ಅವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಅವನ ಹೊಸ ಕಾರು ಅವಳ ಕೈಗೆ ಬಂದಿತ್ತು. ಒಬ್ಬಳೇ ಓಡಿಸುತ್ತಿದ್ದುದು ಇದೇ ಮೊದಲು.

ಅವಳು ವೇಗ ಹೆಚ್ಚಿಸಿದಳು. ಅವನೂ ಹೆಚ್ಚಿಸಿದ. ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದು, ಮುಂದೆ ಹೋಗಿ, ಅಡ್ಡ ನಿಲ್ಲಿಸಿಯೇಬಿಟ್ಟ!

ಎತ್ತರದ ಗಂಡಸೊಬ್ಬ ಇಳಿದು, ಕೈ ಬೀಸುತ್ತಾ ಓಡಿ ಬಂದ. ಅವಳು ಬಾಗಿಲುಗಳ ಲಾಕ್ ಒತ್ತಿದಳು. ಅವನು ಗಾಜು ಬಡಿದು ಏನೋ ಕೂಗಿದ. ಎದೆಬಡಿತದ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಕಾರನ್ನು ಹಿಂದಕ್ಕೆ ತೆಗೆದು, ಪಕ್ಕದಿಂದ ನುಗ್ಗಿಸಿದಳು. ಬಾಗಿಲ ಪಕ್ಕದ ಕನ್ನಡಿಗೆ ಏನೋ ಠಪ್ಪೆಂದು ತಾಗಿತು. ತಿರುಗಿ ನೋಡಲಿಲ್ಲ.

"ಇನ್ನೊಂದ್ಸಲ ಕಾಣಿಸ್ಲಿ ಅವನು, ಲಟ್ಟಣಿಗೆ ತಗೊಂಡು ಲಟ್ಟಿಸಿಬಿಡ್ತೀನಿ!" ಅಂದರು ಅತ್ತಿಗೆ, ಬೇಕರಿಗೆ ವಾಪಸಾದ ಅವಳಿಗೆ ನೀರು ಕುಡಿಸುತ್ತಾ.

ಅವರು ಬಹಳ ಹೊತ್ತು ಕಾಯಬೇಕಾಗಲಿಲ್ಲ. ಮಧ್ಯಾಹ್ನ ಬೇಕರಿಯ ಬಾಗಿಲು ತೆರೆಯಿತು... ಅದೇ ಎತ್ತರ, ಅದೇ ಮುಖ! ಬಲ ಮಣಿಕಟ್ಟಿಗೆ ಬ್ಯಾಂಡೇಜು.

ಅವಳ ಕೈಲಿದ್ದ ಟ್ರೇ ನೆಲಕ್ಕೆ ಬಿತ್ತು. "ಅತ್ತಿಗೇ... ಇವನೇ!"

ಅತ್ತಿಗೆ ಲಟ್ಟಣಿಗೆ ಎತ್ತಿದರು. ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅಣ್ಣ ಕಕ್ಕಾಬಿಕ್ಕಿಯಾದ. "ಏಯ್, ತಡಿಯೇ! ನಮ್ಮ ನಾಯಿಯ ಪ್ರಾಣ ಉಳಿಸಿದ ದನದ ಡಾಕ್ಟ್ರು ಕಣೇ ಇವರು!"

ಡಾಕ್ಟರು ಲಟ್ಟಣಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದೇ ಮಾತಾಡಿದ. "ಬ್ರೆಡ್ಡಿನ ಟ್ರೇ ನೋಡಿ ಇಲ್ಲಿಯವರೇ ಅಂತ ಗೊತ್ತಾಯ್ತು, ಕ್ಷಮೆ ಕೇಳೋಕೆ ಬಂದೆ. ಮಂಜಲ್ಲಿ ಹಾಗೆ ಅಡ್ಡ ಹಾಕಿದ್ರೆ ಯಾರಿಗಾದ್ರೂ ಜೀವ ಬಾಯಿಗೆ ಬರುತ್ತೆ. ತಪ್ಪು ನಂದೇ. ಆದ್ರೆ ನಿಮ್ಮ ಗಾಡಿಯ ಹಿಂದಿನ ದೀಪ ಒಂದೂ ಉರೀತಿರಲಿಲ್ಲ. ಸ್ವಲ್ಪ ಹಿಂದೇನೇ ಒಂದು ಲಾರಿ ಬರ್ತಿತ್ತು..."

"ಸುಳ್ಳು! ಮುಂದೆ ಲೈಟ್ ಉರೀತಿತ್ತು. ನಾನೇ ನೋಡಿದ್ದೆ!"

"ಬನ್ನಿ, ತೋರಿಸ್ತೀನಿ."

ಶೆಡ್ಡಿನಲ್ಲಿ ಅವನು ಇಂಜಿನ್ ಚಾಲೂ ಮಾಡಿ, ಕಾರಿನ ಮುಂದೆ ಮಂಡಿಯೂರಿದ. ಮುಂದಿನ ದೀಪದ ಗಾಜಿನ ಅಂಚಿನಲ್ಲಿ ಬಿಳಿ ಗೆರೆಯೊಂದು ಹೊಳೆಯುತ್ತಿತ್ತು.

"ಇದು ಹಗಲು ದೀಪ. ತಾನಾಗೇ ಹತ್ಕೊಳ್ಳುತ್ತೆ. ಎದುರಿನವರಿಗೆ ನೀವು ಕಾಣ್ತೀರಿ, ಅಷ್ಟೇ. ಈಗ ಹಿಂದೆ ಹೋಗಿ ನೋಡಿ."

ಹೋಗಿ ನೋಡಿದಳು. ಹಿಂದೆ ಪೂರ್ತಿ ಕತ್ತಲು! 'ಆ ಲಾರಿ... ನಾನು... ದೇವರೇ!'

ಅವನು ಕಾರಿನೊಳಗೆ ಕೈ ಹಾಕಿ ದೀಪದ ಸ್ವಿಚ್ಚನ್ನು ಒಂದು ಸಲ ತಿರುಗಿಸಿದ. ಮುಂದೆ ಮೂಲೆಯಲ್ಲಿ ಪುಟ್ಟ ದೀಪ, ಹಿಂದೆ ಕೆಂಪು. "ಇದು ಪಾರ್ಕಿಂಗ್ ಲೈಟ್. ಇಂಜಿನ್ ನಿಂತ್ರೆ ಹಗಲು ದೀಪ ಆರಿಹೋಗುತ್ತೆ, ಇದು ಆರಲ್ಲ. ಆದ್ರೆ ಇದನ್ನ ನಾವೇ ಕೈಯಾರೆ ಹಾಕ್ಬೇಕು." ಇನ್ನೊಂದು ಸಲ ತಿರುಗಿಸಿದ. ಗೋಡೆಯ ಬುಡದಲ್ಲಿ ಬೆಳಕು ಹರಡಿತು. "ಇದು ಡಿಮ್. ಮಂಜಲ್ಲಿ ಇದು ಬೇಕು. ಬ್ರೈಟ್ ಹಾಕಿದ್ರೆ ಮಂಜಿಗೆ ಹೊಡೆದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ."

"ಒಂದು ಗಾಜಿನೊಳಗೆ ಇಷ್ಟು ದೊಡ್ಡ ಸಂಸಾರ ಇದೆಯಾ?"

ಅವನು ನಕ್ಕ. ಬೆಳಗಿನಿಂದ ಮೊದಲ ಸಲ ಅವಳೂ ನಕ್ಕಳು.

ಅಂದಿನಿಂದ ಅವನು ಬ್ರೆಡ್ಡಿನ ಗಿರಾಕಿಯಾದ. ಒಂಟಿ ಮನುಷ್ಯ ಇಷ್ಟು ಬ್ರೆಡ್ ತಿನ್ನಲಾರ ಎಂದು ಅತ್ತಿಗೆ ಮುಸಿಮುಸಿ ನಗುತ್ತಿದ್ದರು. ಬೆಳಿಗ್ಗೆ ಮಂಜಿನಲ್ಲಿ ಅವನ ಕಾರು ಒಂದಿಷ್ಟು ದೂರದಲ್ಲಿ ಅವಳ ಹಿಂದೆಯೇ ಬರುತ್ತಿತ್ತು. ಕನ್ನಡಿಯಲ್ಲಿ ಆ ಬೆಳಕು ಕಂಡರೆ ಅವಳ ಉಸಿರು ಹಗುರಾಗುತ್ತಿತ್ತು.

ಒಂದು ಸಂಜೆ ಅಣ್ಣ ಫೋನಿನಲ್ಲಿ ಹೇಳುವುದು ಕಿವಿಗೆ ಬಿತ್ತು. "ನೀವು ಅವಳ ಹಿಂದೆ ಹೋಗ್ತಿರೋದ್ರಿಂದ ನನಗೆ ನೆಮ್ಮದಿ ಡಾಕ್ಟ್ರೇ. ನಾನು ಕೇಳಿದ ಒಂದು ಮಾತಿಗೆ..."

ಅವಳ ಮನಸ್ಸು ಕುಸಿಯಿತು. 'ಅಣ್ಣನ ಮಾತಿಗಾ? ಬರೀ ಕನಿಕರನಾ?'

ಮರುದಿನ ನೇರವಾಗಿ ಹೇಳಿಬಿಟ್ಟಳು. "ನನಗೆ ಕಾವಲು ಬೇಡ. ಇನ್ನು ಮೇಲೆ ಬರ್ಬೇಡಿ."

ಅವನು ಏನೋ ಹೇಳಹೊರಟು, ಸುಮ್ಮನೆ ತಲೆಯಾಡಿಸಿ ಹೋದ. ಆಮೇಲೆ ಬರಲೇ ಇಲ್ಲ. ಕನ್ನಡಿ ಖಾಲಿ... ಎದೆಯೂ ಖಾಲಿ.

ಒಂದು ಬೆಳಿಗ್ಗೆ ಹಾಲಿನವನು ಏದುಸಿರು ಬಿಡುತ್ತಾ ಬಂದ. "ಡಾಕ್ಟ್ರ ಕಾರು ತಿರುವಿನ ಮೋರಿಗೆ ಬಿದ್ದಿದೆ! ಎಷ್ಟು ಕೂಗಿದ್ರೂ ಉತ್ತರ ಇಲ್ಲ!"

ಅಂದಿನಷ್ಟು ಮಂಜನ್ನು ಅವಳು ಕಂಡೇ ಇರಲಿಲ್ಲ. ಆದರೂ ಕಾರು ತೆಗೆದಳು. 'ನನ್ನ ಮೇಲಿನ ಬೇಜಾರಿನಲ್ಲೇ ಹೋದನೇ? ಏನೂ ಆಗದಿರಲಿ... ಏನೂ ಆಗದಿರಲಿ...'

ತಿರುವಿನಲ್ಲಿ ಅವನ ಕಾರು ವಾಲಿ ನಿಂತಿತ್ತು. ಒಳಗೆ ಇಣುಕಲೂ ಧೈರ್ಯವಿಲ್ಲ. ಬಾಯಿಗೆ ಸೆರಗೊತ್ತಿ ನಿಂತಳು.

ಆಗ ಕಂಡಿತು. ಇಂಜಿನ್ ಸದ್ದಿಲ್ಲ. ಆದರೆ ಮುಂದೆ ಮೂಲೆಯಲ್ಲಿ ಪುಟ್ಟ ದೀಪ, ಹಿಂದೆ ಕೆಂಪು!

'ಪಾರ್ಕಿಂಗ್ ಲೈಟ್... ಅದು ತಾನಾಗಿ ಹತ್ತಲ್ಲ! ಯಾರೋ ಸ್ವಿಚ್ ತಿರುಗಿಸಿದ್ದಾರೆ. ತಿರುಗಿಸಿ, ಇಳಿದು ಹೋಗಿದ್ದಾರೆ!'

"ಡಾಕ್ಟ್ರೇ!" ಅವಳು ಮಂಜಿನೊಳಗೆ ಕೂಗಿದಳು. "ಡಾಕ್ಟ್ರೇ... ಎಲ್ಲಿದ್ದೀರಿ?"

ಗುಡ್ಡದ ಕಡೆಯಿಂದ ಉತ್ತರ ಬಂತು. "ಇಲ್ಲೇ ಇದ್ದೀನಿ!"

ಗುಡ್ಡದ ಮೇಲಿನ ದನದ ಕೊಟ್ಟಿಗೆಯ ಕಾಲುದಾರಿಯಲ್ಲಿ ಅವನು ಇಳಿದು ಬಂದ. ಮೊಣಕೈವರೆಗೂ ಕೊಳೆ, ಹಣೆಯ ಮೇಲೊಂದು ತರಚು ಗಾಯ, ಮುಖದ ತುಂಬ ನಗು. "ಹಸುವಿಗೆ ಹೆರಿಗೆ ಕಷ್ಟ ಆಗಿತ್ತು. ಅವಸರದಲ್ಲಿ ಚಕ್ರ ಮೋರಿಗಿಳೀತು. ನಡ್ಕೊಂಡೇ ಹೋದೆ. ಹೆಣ್ಣು ಕರು! ಅರೆ... ಯಾಕೆ ಅಳ್ತಿದ್ದೀರಿ?"

"ಹೆದರ್ಕೊಂಡೆ ಕಣ್ರೀ!"

"ಮಂಜಿಗಾ?"

"ಮಂಜಿಗೆ ಯಾರು ಹೆದರ್ತಾರೆ?" ಅವಳ ದನಿ ಒಡೆಯಿತು. "ಇನ್ನು ನೀವು ಸಿಗಲ್ವೇನೋ ಅಂತ... ಅಣ್ಣ ಹೇಳಿದ್ದಕ್ಕೆ ಬಂದಿದ್ರೂ ಪರವಾಗಿಲ್ಲ..."

ಅವನು ತಡೆದ. "ನಿಮ್ಮಣ್ಣ ಒಂದೇ ಒಂದು ದಿನಕ್ಕೆ ಕೇಳಿದ್ದು. ಉಳಿದಿದ್ದೆಲ್ಲ ನಾನಾಗೇ ಬಂದಿದ್ದು."

"ಅವತ್ತೇ ಹೇಳೋಕೇನಾಗಿತ್ತು?"

"ದನಗಳ ಜೊತೆ ಮಾತಾಡಿ ಅಭ್ಯಾಸ. ಅವು ಎದುರು ಪ್ರಶ್ನೆ ಕೇಳಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವಳು ಕೈ ಚಾಚಿದಾಗ ಅವನು ಹಿಂದೆ ಸರಿದ. "ಬೇಡ, ನನ್ನ ಕೈಯೆಲ್ಲ ಗಲೀಜು..."

"ಇರ್ಲಿ," ಎಂದು ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತೊಳ್ಕೊಂಡ್ರೆ ಹೋಗುತ್ತೆ."